ಭೌತವಾದದಿಂದಲೇ ಸಮಾಜವಾದ ಹುಟ್ಟಿತೇ?

ಪ್ರಶ್ನೆ: ನಾವು ಹತ್ತು ಹನ್ನೆರಡು ಗೆಳೆಯರು ತಿಂಗಳಿಗೊಂದು ಭಾನುವಾರ ಸೇರಿ ಓದುತ್ತೇವೆ. ಮುಂದಿನ ನಾಲ್ಕು ತಿಂಗಳಿಗೆ ‘ಸಮಾಜವಾದದ ಮೂಲ’ ಎಂಬ ವಿಷಯ ಇಟ್ಟುಕೊಂಡಿದ್ದೇವೆ. ಟಿಪ್ಪಣಿ ಮಾಡುವ ಹೊಣೆ ನನ್ನದು. ಹಳೆಯ ಅಧ್ಯಯನ ಶಿಬಿರವೊಂದರ ನೋಟ್ಸಿನಲ್ಲಿ ಒಂದು ವಂಶವೃಕ್ಷ ಸಿಕ್ಕಿತು: ಡೆಮಾಕ್ರಿಟಸ್, ಎಪಿಕ್ಯೂರಸ್, ಬೇಕನ್, ಲಾಕ್, ಫ್ರೆಂಚ್ ಭೌತವಾದಿಗಳು, ಫಾಯರ್‌ಬಾಖ್, ಕೊನೆಗೆ ಮಾರ್ಕ್ಸ್. ಅದನ್ನು ಹಂಚಿದ ಕೂಡಲೇ ತಕರಾರು ಶುರುವಾಯಿತು. ದಿನವೂ ಪೂಜೆ ಮಾಡುವ ಹಿರಿಯರೊಬ್ಬರು, “ಹಾಗಾದರೆ ದೇವರನ್ನು ನಂಬುವವನು ಸಮಾಜವಾದಿ ಆಗುವ ಹಾಗಿಲ್ಲವೇ?” ಎಂದರು. ಇನ್ನೊಬ್ಬರು, “ಭೌತವಾದ ಅಂದರೆ ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವುದು. ಅದರಿಂದ ಪರರ ಕಷ್ಟಕ್ಕೆ ಮರುಗುವ ತತ್ವ ಹೇಗೆ ಬಂತು?” ಎಂದರು. ಮೂರನೆಯವರದು ಚಾರ್ವಾಕರನ್ನು ವಂಶವೃಕ್ಷದ ಬುಡದಲ್ಲಿ ಸೇರಿಸಲೇಬೇಕೆಂಬ ಹಟ. ನಾನು ಏನು ಉತ್ತರಿಸಲಿ, ಏನು ಓದಿಸಲಿ?

ಉತ್ತರ: ನಿಮ್ಮ ಮೂವರು ಗೆಳೆಯರೂ ಕೇಳುತ್ತಿರುವುದು ಒಂದನ್ನೇ. ಜಗತ್ತು ಜಡವಸ್ತುವಿನಿಂದಾಗಿದೆ ಎಂದು ಒಪ್ಪಿದವನು ಸಮಾಜವಾದವನ್ನೂ ಒಪ್ಪಲೇಬೇಕೇ? ಸಮಾಜವಾದ ಒಪ್ಪಿದವನು ಮೊದಲು ಭೌತವಾದಿ ಆಗಿರಲೇಬೇಕೇ? ಎರಡಕ್ಕೂ ಇತಿಹಾಸ ಕೊಡುವ ಉತ್ತರ ‘ಇಲ್ಲ’ ಎಂದೇ. ಹಾಗೆಂದು ನಂಟೇ ಇಲ್ಲ ಎನ್ನುವ ಹಾಗೂ ಇಲ್ಲ. ನಂಟು ಇರುವುದು ಒಂದೇ ಒಂದು ಮಾತಿನಲ್ಲಿ: ಮನುಷ್ಯನ ಗುಣ ಅವನ ಪರಿಸ್ಥಿತಿಯಿಂದ ರೂಪುಗೊಳ್ಳುತ್ತದೆ ಎಂಬುದು. ನಾಲ್ಕು ಭಾನುವಾರವನ್ನೂ ಈ ಮಾತಿನ ಸುತ್ತ ಕಟ್ಟಿದರೆ ವಂಶವೃಕ್ಷದ ಗೊಡವೆ ಬೇಕಾಗುವುದಿಲ್ಲ.

ಮೊದಲು ಆ ವಂಶವೃಕ್ಷ ಎಲ್ಲಿಂದ ಬಂತು ನೋಡೋಣ. ಅದರ ಬೇರು ಇರುವುದು ಮಾರ್ಕ್ಸ್ ಮತ್ತು ಎಂಗೆಲ್ಸ್ 1845ರಲ್ಲಿ ಪ್ರಕಟಿಸಿದ ‘ಪವಿತ್ರ ಕುಟುಂಬ’ದ ಕೆಲವೇ ಪುಟಗಳಲ್ಲಿ. ಅದನ್ನು ಬರೆದಾಗ ಮಾರ್ಕ್ಸ್‌ಗೆ 26 ವರ್ಷ. ಜರ್ಮನ್ ತತ್ವಜ್ಞಾನಿ ಬ್ರೂನೋ ಬಾಯರ್ ಮತ್ತು ಅವನ ಬಳಗದ ಜೊತೆ ಜಗಳಕ್ಕೆ ನಿಂತು ಬರೆದ ಪುಸ್ತಕ ಅದು. ಆ ಪುಟಗಳಲ್ಲಿನ ತತ್ವಶಾಸ್ತ್ರದ ಇತಿಹಾಸವನ್ನು ಬಹುಪಾಲು ಶಾರ್ಲ್ ರೆನೂವಿಯೇ ಎಂಬ ಫ್ರೆಂಚ್ ಲೇಖಕನ 1842ರ ಕೈಪಿಡಿಯಿಂದ ಎತ್ತಿಕೊಂಡದ್ದು ಎಂಬುದನ್ನು ವಿದ್ವಾಂಸರು ಸಾಲುಸಾಲಾಗಿ ಹೋಲಿಸಿ ತೋರಿಸಿದ್ದಾರೆ. 1892ರಲ್ಲಿ ಎಂಗೆಲ್ಸ್ ತಮ್ಮ ‘ಸಮಾಜವಾದ: ಕಾಲ್ಪನಿಕ ಮತ್ತು ವೈಜ್ಞಾನಿಕ’ ಕಿರುಹೊತ್ತಗೆಯ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಬೇಕನ್, ಹಾಬ್ಸ್, ಲಾಕ್ ಕುರಿತ ಭಾಗವನ್ನು ಮತ್ತೆ ಉದ್ಧರಿಸಿದರು. ಹೀಗೆ ವಾಗ್ವಾದಕ್ಕೆಂದು ಮಾಡಿದ ಒಂದು ಸಾರಾಂಶ ಪಾಠದ ರೂಪ ಪಡೆಯಿತು.

ಆ ಪುಟಗಳಲ್ಲಿ ಮಾರ್ಕ್ಸ್ ಮಾಡುವ ಒಂದು ವಿಂಗಡಣೆಯನ್ನಂತೂ ನೋಟ್ಸು ಬರೆದವರು ಪೂರ್ತಿ ನುಂಗಿಬಿಟ್ಟಿದ್ದಾರೆ. ಫ್ರೆಂಚ್ ಭೌತವಾದಕ್ಕೆ ಎರಡು ಕವಲು ಎನ್ನುತ್ತಾರೆ ಮಾರ್ಕ್ಸ್. ಡೆಕಾರ್ಟ್‌ನ ಭೌತಶಾಸ್ತ್ರದಿಂದ ಹೊರಟದ್ದು ದೇಹವನ್ನು ಯಂತ್ರವಾಗಿ ಕಂಡು ನಿಸರ್ಗವಿಜ್ಞಾನಕ್ಕೆ ಸೇರಿಕೊಂಡಿತು. ಲಾಕ್‌ನಿಂದ ಹೊರಟದ್ದು ಅನುಭವ, ಶಿಕ್ಷಣ, ಕಾನೂನುಗಳ ಚರ್ಚೆಯಾಗಿ ಬೆಳೆದು ಸಮಾಜವಾದದ ಕಡೆ ಹರಿಯಿತು. ಪರಮಾಣು, ಜಡವಸ್ತು, ಚಲನೆ ಎಂಬ ಚರ್ಚೆಗೂ ಸಮಾಜವಾದಕ್ಕೂ ನೇರ ಸಂಬಂಧ ಕಡಿಮೆ. ಗ್ರೀಕ್ ಪರಮಾಣುವಾದಿ ಡೆಮಾಕ್ರಿಟಸ್‌ನಿಂದ ಪಾಠ ಶುರುಮಾಡಿದರೆ ಮೊದಲ ಭಾನುವಾರ ಪೂರ್ತಿ ಪರಮಾಣುವಿನಲ್ಲೇ ಕಳೆದುಹೋಗುತ್ತದೆ. ಮಾರ್ಕ್ಸ್ 1841ರಲ್ಲಿ ಯೇನಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸರ ಮೇಲೆಯೇ ಇದೆ, ನಿಜ. ಆದರೆ ಆಗ ಅವರು ಸಮಾಜವಾದಿಯಾಗಿರಲಿಲ್ಲ.

ಈಗ ತಪ್ಪು ತಿಳಿವಳಿಕೆಗಳಿಗೆ ಬರುತ್ತೇನೆ. ಭೌತವಾದಿ ಆದವನು ಬಡವರ ಪಕ್ಷ ವಹಿಸುತ್ತಾನೆ ಎಂಬುದಕ್ಕೆ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ಕಟ್ಟಾ ಭೌತವಾದಿ. 1651ರಲ್ಲಿ ಅವನು ವಾದಿಸಿದ್ದು ಪ್ರಶ್ನಿಸಲಾಗದ ರಾಜಾಧಿಕಾರದ ಪರವಾಗಿ. ‘ಮನುಷ್ಯ ಯಂತ್ರ’ ಬರೆದ ಲಾ ಮೆತ್ರಿ ಪ್ರಷ್ಯಾದ ದೊರೆ ಫ್ರೆಡರಿಕ್‌ನ ಆಶ್ರಯದಲ್ಲಿ ಬದುಕಿ 1751ರಲ್ಲಿ ತೀರಿಕೊಂಡ. 1770ರಲ್ಲಿ ‘ನಿಸರ್ಗದ ವ್ಯವಸ್ಥೆ’ ಪ್ರಕಟಿಸಿದ ಹೋಲ್ಬಾಕ್ ಸ್ವತಃ ಶ್ರೀಮಂತ ಬ್ಯಾರನ್. ಪುಸ್ತಕದ ಮೇಲೆ ಹತ್ತು ವರ್ಷ ಮೊದಲೇ ಸತ್ತಿದ್ದ ಮಿರಾಬೋ ಎಂಬ ಅಕಾಡೆಮಿ ಕಾರ್ಯದರ್ಶಿಯ ಹೆಸರು ಹಾಕಿಸಿ ತಾನು ತಪ್ಪಿಸಿಕೊಂಡ. ಆಸ್ತಿಯ ಹಕ್ಕನ್ನು ಅವನು ಸಮರ್ಥಿಸಿಯೇ ಬರೆದ. ಹೆಲ್ವೇಷಿಯಸ್ ದೊರೆಯ ಪರವಾಗಿ ತೆರಿಗೆ ವಸೂಲಿ ಗುತ್ತಿಗೆ ಹಿಡಿದು ದುಡ್ಡು ಮಾಡಿದವನು. ದೇವರಿಲ್ಲ ಎನ್ನುವ ಧೈರ್ಯಕ್ಕೂ ಜಮೀನು ಹಂಚಬೇಕೆನ್ನುವ ಧೈರ್ಯಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಈ ಮಂದಿಯನ್ನು ನೋಡಿದರೆ ಗೊತ್ತಾಗುತ್ತದೆ.

ಎರಡೂ ಧೈರ್ಯ ಒಟ್ಟಿಗಿದ್ದವನು ಒಬ್ಬನಿದ್ದ, ಅವನನ್ನು ನಿಮ್ಮ ನೋಟ್ಸು ಕೈಬಿಟ್ಟಿದೆ. ಫ್ರಾನ್ಸಿನ ಎತ್ರೆಪಿನ್ಯಿ ಎಂಬ ಹಳ್ಳಿಯಲ್ಲಿ ಜೀವಮಾನವಿಡೀ ಚರ್ಚಿನ ಪಾದ್ರಿಯಾಗಿದ್ದ ಜಾನ್ ಮೆಲಿಯೇ. ಅವನು 1729ರಲ್ಲಿ ತೀರಿಕೊಂಡಾಗ ಕೈಬರಹದ ದೊಡ್ಡ ಕಟ್ಟು ಸಿಕ್ಕಿತು: ದೇವರಿಲ್ಲ, ಇರುವುದು ಜಡವಸ್ತು ಮಾತ್ರ, ಭೂಮಿ ಊರಿನವರೆಲ್ಲರಿಗೂ ಸೇರಿದ್ದು ಎಂಬ ವಾದ ಅದರಲ್ಲಿತ್ತು. ವೋಲ್ಟೇರ್ 1762ರಲ್ಲಿ ಇದರ ಸಂಗ್ರಹ ಅಚ್ಚು ಹಾಕಿಸಿದಾಗ ನಾಸ್ತಿಕತೆಯನ್ನೂ ಸಮಪಾಲಿನ ಮಾತನ್ನೂ ಕತ್ತರಿಸಿ, ಮೆಲಿಯೇ ದೇವರನ್ನು ನಂಬುವವನೇ ಎಂಬಂತೆ ಮಾಡಿಟ್ಟ. ಪೂರ್ಣ ಪಠ್ಯ ಅಚ್ಚಾದದ್ದು 1864ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಹೀಗಾಗಿ ಅವನ ಸಮಪಾಲಿನ ವಾದ ಮುಂದಿನವರಿಗೆ ಹೆಚ್ಚು ತಲುಪಲೇ ಇಲ್ಲ. ವಂಶವೃಕ್ಷ ಬರೆಯುವವರು ಮರೆಯುವುದು ಇದನ್ನೇ. ಒಂದು ವಿಚಾರ ಮುಂದಿನವರ ಕೈಗೆ ಸಿಗಬೇಕಾದರೆ ಪುಸ್ತಕ ಅಚ್ಚಾಗಬೇಕು, ಓದುಗನಿಗೆ ಮುಟ್ಟಬೇಕು, ಕೆಲವೊಮ್ಮೆ ತಪ್ಪು ಹೆಸರಿನಲ್ಲಾದರೂ ಮುಟ್ಟಬೇಕು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಆಸ್ತಿಯ ಸಮಪಾಲಿಗಾಗಿ ನಡೆದ ‘ಸಮಾನರ ಒಳಸಂಚಿ’ನ ನಾಯಕ ಬಬೂಫ್ 1797ರಲ್ಲಿ ವಾಂದೋಮ್ ನ್ಯಾಯಾಲಯದಲ್ಲಿ ತನ್ನ ಸಮರ್ಥನೆಗೆ ಫ್ರೆಂಚ್ ಭೌತವಾದಿ ದಿದರೋನ ಮಾತೆಂದು ಉದ್ದುದ್ದ ಉದ್ಧರಿಸಿದ. ಆ ಪುಸ್ತಕ ಬರೆದವನು ದಿದರೋ ಆಗಿರಲಿಲ್ಲ, ಮೊರೆಲ್ಲಿ. 1755ರ ಅವನ ‘ನಿಸರ್ಗದ ಸಂಹಿತೆ’ ದಿದರೋನ ಕೃತಿಸಂಗ್ರಹದಲ್ಲಿ ಸೇರಿಕೊಂಡುಬಿಟ್ಟಿತ್ತು.

ನಿಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಮೊದಮೊದಲ ಸಮಾಜವಾದಿಗಳಲ್ಲಿ ದೇವರನ್ನು ನಂಬಿದವರ ಸಂಖ್ಯೆ ದೊಡ್ಡದು. 1649ರಲ್ಲಿ ಇಂಗ್ಲೆಂಡಿನ ಸರ‍್ರೆಯಲ್ಲಿ ಪಾಳುಭೂಮಿ ಅಗೆದು ಒಟ್ಟಾಗಿ ಬಿತ್ತಲು ಹೊರಟ ವಿನ್‌ಸ್ಟನ್ಲಿ ಬೈಬಲ್ ಹಿಡಿದೇ ವಾದಿಸಿದ. ಫ್ರೆಂಚ್ ಚಿಂತಕ ಸೇಂಟ್ ಸಿಮೋನನ ಕೊನೆಯ ಪುಸ್ತಕ, 1825ರದ್ದು, ‘ಹೊಸ ಕ್ರೈಸ್ತಧರ್ಮ’. ದರ್ಜಿ ಕೆಲಸದ ಜರ್ಮನ್ ಸಮಾಜವಾದಿ ವೈಟ್ಲಿಂಗ್ ಬಡ ಪಾಪಿಗೊಂದು ಸುವಾರ್ತೆ ಬರೆದ. ಪ್ಯಾರಿಸ್ಸಿನ ಕೆಲಸಗಾರರಲ್ಲಿ ಫ್ರೆಂಚ್ ಸಮಾಜವಾದಿ ಕಾಬೆಯ ಅನುಯಾಯಿಗಳೇ ತುಂಬಿದ್ದರು. ಯೇಸುವಿನ ಬೋಧನೆಯೇ ಸಮಪಾಲು ಎಂಬುದು ಅವನ ನಿಲುವು. ಸ್ವತಃ ಎಂಗೆಲ್ಸ್ 1843ರಲ್ಲಿ ಬ್ರಿಟಿಷ್ ಸಮಾಜವಾದಿ ರಾಬರ್ಟ್ ಓವನ್ ಪಂಥದ ಇಂಗ್ಲಿಷ್ ಪತ್ರಿಕೆಗೆ ಬರೆಯುತ್ತ, ಫ್ರೆಂಚ್ ಕಮ್ಯುನಿಸ್ಟರು ಕ್ರೈಸ್ತಧರ್ಮವೇ ಕಮ್ಯುನಿಸಂ ಎಂಬುದನ್ನು ತಮ್ಮ ಮೆಚ್ಚಿನ ಸೂತ್ರ ಮಾಡಿಕೊಂಡಿದ್ದಾರೆ ಎಂದು ಅಚ್ಚರಿಯಿಂದ ವರದಿ ಮಾಡುತ್ತಾರೆ. ಈ ಪ್ರಶ್ನೆ ಬಂದಾಗ ನಮ್ಮಲ್ಲಿ ಕೆಲವರು ಹನ್ನೆರಡನೇ ಶತಮಾನದ ಶರಣರನ್ನು ತಂದು ಸಮಾಜವಾದಿಗಳೆಂದು ಕೂರಿಸುತ್ತಾರೆ. ಅದರ ಅಗತ್ಯವಿಲ್ಲ. ಶರಣರಿಗೂ ಅನ್ಯಾಯ, ಚರ್ಚೆಗೂ ಪ್ರಯೋಜನವಿಲ್ಲ.

ತುಪ್ಪದ ವಿಚಾರ. “ಋಣಂ ಕೃತ್ವಾ ಘೃತಂ ಪಿಬೇತ್” ಎಂಬ ಸಾಲು ನಮಗೆ ಮುಖ್ಯವಾಗಿ ಬಂದಿರುವುದು ವಿಜಯನಗರ ಕಾಲದ, ಹದಿನಾಲ್ಕನೇ ಶತಮಾನದ ‘ಸರ್ವದರ್ಶನಸಂಗ್ರಹ’ದಿಂದ. ಅದು ಚಾರ್ವಾಕರನ್ನು ಖಂಡಿಸಬೇಕಾದ ಮತವಾಗಿ ಮೊದಲಿಗೆ ಇಟ್ಟಿರುವ ಅದ್ವೈತದ ಗ್ರಂಥ. ಅದೇ ಗ್ರಂಥದ ಅದೇ ಅಧ್ಯಾಯದ ಆರಂಭದಲ್ಲಿ ಈ ಶ್ಲೋಕ ಸಾಲ, ತುಪ್ಪ ಎರಡೂ ಇಲ್ಲದೆ ಇನ್ನೊಂದು ರೂಪದಲ್ಲಿದೆ: ಬದುಕಿರುವಷ್ಟು ಕಾಲ ಸುಖವಾಗಿ ಬದುಕು, ಸಾವಿಗೆ ಸಿಗದವರಿಲ್ಲ ಎಂದಷ್ಟೇ. ವಿರೋಧಿಗಳ ಬಾಯಲ್ಲಿ ಉಳಿದ ಮಾತನ್ನು ಆ ಪಂಥದ ಸಾರ ಎನ್ನುವಾಗ ಎಚ್ಚರ ಬೇಕು. ಯುರೋಪಿನಲ್ಲಿ ಎಪಿಕ್ಯೂರಸನಿಗೆ ಆದದ್ದೂ ಇದೇ; ಹಬ್ಬ ಮಾಡಬೇಕೆನಿಸಿದಾಗ ಒಂದು ಕುಡಿಕೆ ಗಿಣ್ಣು ಕಳಿಸಿಕೊಡು ಎಂದು ಗೆಳೆಯನಿಗೆ ಬರೆದ ಮಿತಾಹಾರಿಗೆ ಭೋಗಿ ಎಂಬ ಹೆಸರು ಅಂಟಿತು.

ಇನ್ನು ಚಾರ್ವಾಕರನ್ನು ಬುಡದಲ್ಲಿ ಇಡುವುದು. ಯಜ್ಞ, ತ್ರಿದಂಡ, ಭಸ್ಮ ಇವೆಲ್ಲ ಬುದ್ಧಿ, ಪೌರುಷ ಇಲ್ಲದವರ ಹೊಟ್ಟೆಪಾಡು ಎಂಬ ಅವರ ಟೀಕೆ ಹೋಲ್ಬಾಕ್‌ನ ಪುರೋಹಿತ ವಿರೋಧಕ್ಕೆ ತುಂಬ ಹತ್ತಿರ. ಆದರೆ ಉಳಿದುಬಂದ ಶ್ಲೋಕಗಳಲ್ಲಿ ಆಸ್ತಿಯ ಹಂಚಿಕೆಯ ಮಾತಿಲ್ಲ. ಪ್ಯಾರಿಸ್ಸಿನ ಆ ವಾದಗಳು ಅವರಿಂದ ಬಂದವೆನ್ನಲು ಕೊಂಡಿಯೂ ಇಲ್ಲ. ಆ ಗೆಳೆಯರಿಗೆ ಚಾರ್ವಾಕರ ಬಗ್ಗೆ ಬೇರೆಯೇ ಒಂದು ದಿನ ಕೊಡಿ. ಅವರು ಯಾರ ಪೂರ್ವಜರೂ ಆಗದೆ ತಮ್ಮ ಯೋಗ್ಯತೆಯ ಮೇಲೇ ನಿಲ್ಲಬಲ್ಲರು.

ಈಗ ನಂಟಿನ ಆ ಒಂದು ಮಾತು. ಲಾಕ್ 1690ರಲ್ಲಿ ಹೇಳಿದ್ದು: ಹುಟ್ಟುವಾಗ ಮನಸ್ಸಿನಲ್ಲಿ ಯಾವ ವಿಚಾರವೂ ಇರುವುದಿಲ್ಲ, ಎಲ್ಲವೂ ಅನುಭವದಿಂದ ಬರುತ್ತದೆ. ಹೆಲ್ವೇಷಿಯಸ್ 1758ರಲ್ಲಿ ಇದನ್ನು ಸಮಾಜಕ್ಕೆ ತಿರುಗಿಸಿದ. ಮನುಷ್ಯರ ಬುದ್ಧಿ, ಗುಣಗಳ ನಡುವಿನ ವ್ಯತ್ಯಾಸ ಶಿಕ್ಷಣದಿಂದ ಬರುತ್ತದೆ, ಶಿಕ್ಷಣ ಎಂದರೆ ಶಾಲೆಯಷ್ಟೇ ಸಾಲದು, ಸರ್ಕಾರ, ಕಾನೂನು, ಬೆಳೆದ ಮನೆ, ಬದುಕಿನ ಆಕಸ್ಮಿಕಗಳು ಎಲ್ಲ ಸೇರುತ್ತವೆ ಎಂದ. ಮುಂದಿನ ವರ್ಷವೇ ಆ ಪುಸ್ತಕವನ್ನು ಪ್ಯಾರಿಸ್ಸಿನಲ್ಲಿ ಸುಟ್ಟರು. ಅಷ್ಟು ಸಿಟ್ಟು ಏಕೆ ಎಂಬುದನ್ನು ಗುಂಪಿನಲ್ಲಿ ಬಿಡಿಸಿ ಹೇಳಬೇಕು. ಮನುಷ್ಯ ಹುಟ್ಟಾ ಪಾಪಿ ಎಂಬ ನಂಬಿಕೆ ಇರುವವರೆಗೆ ಬಡತನ, ಅಪರಾಧ, ಕುಡಿತ ಎಲ್ಲಕ್ಕೂ ಕಾರಣ ಆ ಮನುಷ್ಯನೇ. ಗುಣ ಪರಿಸ್ಥಿತಿಯಿಂದ ಬರುತ್ತದೆ ಎಂದಾದ ಮೇಲೆ ಪ್ರಶ್ನೆ ದೊರೆಯ, ಮಠದ, ಮಾಲೀಕನ ಬಾಗಿಲಿಗೆ ಹೋಗುತ್ತದೆ. ಕಳ್ಳನನ್ನು ಶಿಕ್ಷಿಸುವ ಬದಲು ಕಳ್ಳರನ್ನು ಹುಟ್ಟಿಸುವ ನೆಲೆಯನ್ನು ನಾಶಮಾಡಬೇಕು ಎಂದು ಮಾರ್ಕ್ಸ್ 1845ರಲ್ಲಿ ತೆಗೆದ ತೀರ್ಮಾನ ಇಲ್ಲಿಂದ ಬಂದದ್ದು. ಹೆಲ್ವೇಷಿಯಸ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಜಾಣ ಶಾಸಕನೊಬ್ಬ ಒಳ್ಳೆಯ ಕಾನೂನು ಮಾಡಿ ಪ್ರತಿಯೊಬ್ಬನ ಸ್ವಾರ್ಥ ಎಲ್ಲರ ಹಿತಕ್ಕೆ ಸೇರುವಂತೆ ನೋಡಿಕೊಂಡರೆ ಸಾಕು ಎಂಬಲ್ಲಿ ನಿಂತ.

ಮುಂದಿನ ಹೆಜ್ಜೆ ತತ್ವಜ್ಞಾನಿಯದಲ್ಲ, ಹತ್ತಿ ಗಿರಣಿಯ ಮ್ಯಾನೇಜರನದು. ರಾಬರ್ಟ್ ಓವನ್ 1800ರ ಜನವರಿ 1ರಂದು ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯ ನ್ಯೂ ಲ್ಯಾನಾರ್ಕ್ ಗಿರಣಿಯ ಆಡಳಿತ ವಹಿಸಿಕೊಂಡ. ಅನಾಥಾಲಯಗಳಿಂದ ತಂದ ನೂರಾರು ಮಕ್ಕಳು ಅಲ್ಲಿ ದುಡಿಯುತ್ತಿದ್ದರು. ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಅವನು ನಿಲ್ಲಿಸಿದ, ದುಡಿಮೆಯನ್ನು ದಿನಕ್ಕೆ ಸುಮಾರು ಹತ್ತೂವರೆ ಗಂಟೆಗೆ ಇಳಿಸಿದ, ಅಂಗಡಿಯಲ್ಲಿ ಸಾಮಾನನ್ನು ಅಗ್ಗವಾಗಿ ಕೊಡಿಸಿದ, 1816ರಲ್ಲಿ ಗುಣ ರೂಪಿಸುವ ಸಂಸ್ಥೆ ಎಂಬ ಹೆಸರಿನಲ್ಲಿ ಶಾಲೆ ತೆರೆದ. ಗಿರಣಿಗೆ ಲಾಭವೂ ಬಂತು. 1813ರಿಂದ ಅದರ ಪಾಲುದಾರರಲ್ಲಿ ಹೆಲ್ವೇಷಿಯಸ್‌ನ ಭಕ್ತನಾದ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ ಕೂಡ ಒಬ್ಬ. ಹೀಗಾಗಿ ಓವನ್ ಬೆಂಥಮ್‌ನ ಸಿದ್ಧಾಂತದಿಂದ ಹೊರಟ ಎಂದು ಮಾರ್ಕ್ಸ್ ಬರೆದದ್ದು ಕೇಳಲು ಸೊಗಸು. ಆದರೆ ಬೆಂಥಮ್ ಬಂದದ್ದು ಓವನ್ ಹದಿಮೂರು ವರ್ಷ ಗಿರಣಿ ನಡೆಸಿದ ಮೇಲೆ, ದುಡ್ಡು ಹಾಕಿದವನಾಗಿ. ಗುಂಪಿನಲ್ಲಿ ಇದನ್ನು ಗುರುಶಿಷ್ಯ ಸಂಬಂಧ ಎಂದು ಹೇಳಬೇಡಿ.

ಆ ಗಿರಣಿಯ ಒಂದು ವಸ್ತುವನ್ನು ಮಾತ್ರ ನಿಮ್ಮ ಗುಂಪಿಗೆ ಹತ್ತಿರದಿಂದ ತೋರಿಸಿ. ಓವನ್ ತನ್ನ ಆತ್ಮಕಥೆಯಲ್ಲಿ ಅದನ್ನು ವಿವರಿಸಿದ್ದಾನೆ. ಸುಮಾರು ಎರಡು ಇಂಚು ಉದ್ದ, ಒಂದು ಇಂಚು ಅಗಲದ ನಾಲ್ಕು ಮುಖದ ಮರದ ತುಂಡು. ಒಂದು ಮುಖಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಬಣ್ಣ. ಮೇಲೆ ತಂತಿಯ ಕಣ್ಣು. ಪ್ರತಿ ಕೆಲಸಗಾರನ ಎದುರು ಅದನ್ನು ಕೊಕ್ಕೆಗೆ ನೇತುಹಾಕುತ್ತಿದ್ದರು. ಹಿಂದಿನ ದಿನದ ನಡತೆ ಕೆಟ್ಟದಿದ್ದರೆ ಕಪ್ಪು ಮುಂದೆ, ಪರವಾಗಿಲ್ಲ ಎಂದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿ. ದಿನದಿನದ ಬಣ್ಣ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಬೈಗುಳವಿಲ್ಲ, ಹೊಡೆತವಿಲ್ಲ. ಅನ್ಯಾಯವಾಯಿತು ಎನಿಸಿದವರು ಓವನ್ ಬಳಿ ದೂರು ಕೊಡಬಹುದಿತ್ತು. ಇದರ ಹೆಸರು ‘ಮೌನ ನಿಗಾಗಾರ’.

ಅಂದಿನ ಗಿರಣಿಗಳ ಚಾಟಿ, ದಂಡಗಳ ಪಕ್ಕದಲ್ಲಿಟ್ಟರೆ ಇದು ನಿಜಕ್ಕೂ ದಯೆಯ ಕೆಲಸ. ಈಗ ಗುಂಪಿಗೆ ಒಂದು ಪ್ರಶ್ನೆ ಹಾಕಿ: ಮರದ ತುಂಡನ್ನು ತಿರುಗಿಸುವವನು ಯಾರು? ಮೇಸ್ತ್ರಿ. ಮೇಸ್ತ್ರಿಯ ಮೇಲೆ? ಓವನ್. ಓವನ್ ಎದುರು ಯಾವ ಬಣ್ಣ ನೇತಾಡುತ್ತಿತ್ತು? ತನ್ನ ‘ಸಮಾಜದ ಹೊಸ ನೋಟ’ ಪುಸ್ತಕದ ಮೊದಲ ಪ್ರಬಂಧದಲ್ಲೇ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಯಾವ ಸಮುದಾಯಕ್ಕೆ ಬೇಕಾದರೂ ಯಾವ ಗುಣವನ್ನು ಬೇಕಾದರೂ ಕೊಡಬಹುದು, ಅದರ ಉಪಾಯಗಳು ಬಹುಮಟ್ಟಿಗೆ ಪ್ರಭಾವವುಳ್ಳವರ ಕೈಯಲ್ಲಿವೆ. ಎಲ್ಲರನ್ನೂ ಪರಿಸ್ಥಿತಿ ರೂಪಿಸುತ್ತದೆ, ಆದರೆ ಪರಿಸ್ಥಿತಿಯನ್ನು ರೂಪಿಸುವವನು ಮಾತ್ರ ಅದರಿಂದ ಹೊರಗೆ ನಿಂತಿದ್ದಾನೆ. ಹಳೆಯ ಭೌತವಾದದ ತೂತು ಇದು.

ಮಾರ್ಕ್ಸ್ 1845ರ ವಸಂತದಲ್ಲಿ ಬ್ರಸೆಲ್ಸ್‌ನಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡ, ಜರ್ಮನ್ ಭೌತವಾದಿ ಫಾಯರ್‌ಬಾಖ್ ಕುರಿತ ಹನ್ನೊಂದು ಟಿಪ್ಪಣಿಗಳಲ್ಲಿ ಮೂರನೆಯದು ಬೆರಳಿಟ್ಟದ್ದು ಇಲ್ಲಿಗೇ. ಪರಿಸ್ಥಿತಿಯನ್ನು ಬದಲಿಸುವವರು ಮನುಷ್ಯರೇ, ಕಲಿಸುವವನೂ ಕಲಿಯಬೇಕು, ಇದನ್ನು ಮರೆತ ಸಿದ್ಧಾಂತ ಸಮಾಜವನ್ನು ಎರಡು ಭಾಗ ಮಾಡಿ ಒಂದನ್ನು ಇನ್ನೊಂದರ ಮೇಲೆ ಕೂರಿಸುತ್ತದೆ ಎನ್ನುತ್ತದೆ ಅದು. 1888ರಲ್ಲಿ ಎಂಗೆಲ್ಸ್ ಇದನ್ನು ಮೊದಲ ಬಾರಿ ಅಚ್ಚಿಗೆ ಕೊಟ್ಟಾಗ ‘ಉದಾಹರಣೆಗೆ ರಾಬರ್ಟ್ ಓವನ್’ ಎಂಬ ಮಾತನ್ನು ತಾವೇ ಸೇರಿಸಿದರು. ಮಾರ್ಕ್ಸ್‌ನ ಕೈಬರಹದಲ್ಲಿ ಅದಿಲ್ಲ. ಎರಡೂ ಪಾಠಗಳು ಅಚ್ಚಿನಲ್ಲಿ ಸಿಗುತ್ತವೆ. ಪಕ್ಕಪಕ್ಕ ಇಟ್ಟು ಓದಿಸಿದರೆ ಅರ್ಧ ಗಂಟೆಯ ಒಳ್ಳೆಯ ಚರ್ಚೆ ಆಗುತ್ತದೆ.

ಇದೇ ಟಿಪ್ಪಣಿಗಳ ಮೊದಲನೆಯದರಲ್ಲಿ ವಂಶವೃಕ್ಷವನ್ನು ಪೂರ್ತಿ ಕೆಡಿಸುವ ಮಾತಿದೆ: ಮನುಷ್ಯನ ಕ್ರಿಯಾಶೀಲತೆಯ ಮುಖವನ್ನು ಬೆಳೆಸಿದವರು ಭೌತವಾದಿಗಳಲ್ಲ, ಜಡವಸ್ತುವಿಗಿಂತ ಚೈತನ್ಯವೇ ಮೂಲ ಎನ್ನುವ ಆದರ್ಶವಾದಿಗಳು ಎಂದು ಮಾರ್ಕ್ಸ್ ಒಪ್ಪಿಕೊಳ್ಳುತ್ತಾರೆ. ಅಂದರೆ ಜರ್ಮನ್ ಆದರ್ಶವಾದಿ ಹೆಗೆಲ್ ಇಲ್ಲದೆ ಮಾರ್ಕ್ಸ್‌ಗೆ ಬರುವ ದಾರಿಯಿಲ್ಲ. ನಿಮ್ಮ ನೋಟ್ಸಿನಲ್ಲಿ ಹೆಗೆಲ್ ಹೆಸರೇ ಇಲ್ಲ. ಮಾರ್ಕ್ಸ್ 1859ರಲ್ಲಿ ‘ರಾಜಕೀಯ ಅರ್ಥಶಾಸ್ತ್ರದ ವಿಮರ್ಶೆಗೆ ಒಂದು ಕೊಡುಗೆ’ ಪುಸ್ತಕದ ಮುನ್ನುಡಿಯಲ್ಲಿ ತಮ್ಮ ದಾರಿಯನ್ನು ತಾವೇ ವಿವರಿಸುವಾಗ ಪರಮಾಣುವಿನ ಮಾತೆತ್ತುವುದಿಲ್ಲ. 1842–43ರಲ್ಲಿ ಪತ್ರಿಕೆಯ ಸಂಪಾದಕನಾಗಿದ್ದಾಗ ರೈನ್‌ಲ್ಯಾಂಡಿನ ಸೌದೆ ಕಳವಿನ ಕಾನೂನು, ಮೊಸೆಲ್ ಕಣಿವೆಯ ದ್ರಾಕ್ಷಿ ಬೆಳೆಗಾರರ ಬವಣೆ ತನ್ನನ್ನು ಅರ್ಥಶಾಸ್ತ್ರದ ಕಡೆ ತಿರುಗಿಸಿದವು ಎನ್ನುತ್ತಾರೆ. ಕಾಡಿನಲ್ಲಿ ಬಿದ್ದ ಪುಳ್ಳೆ ಆಯ್ದುಕೊಳ್ಳುವ ಹಳೆಯ ರೂಢಿಯನ್ನು ಕಳ್ಳತನ ಎಂದು ಕಾನೂನು ಮಾಡಲು ಹೊರಟಿದ್ದರು. ಮಲೆನಾಡಿನಲ್ಲಿ ಸೊಪ್ಪು, ಸೌದೆಯ ಹಕ್ಕಿಗಾಗಿ ನಡೆದ ಜಗಳ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನೋಟ್ಸಿನಲ್ಲಿ ಕ್ರಮ ತಲೆಕೆಳಗಾದದ್ದು ಏಕೆ? ‘ಗತಿತಾರ್ಕಿಕ ಭೌತವಾದ’ (ಡಯಲೆಕ್ಟಿಕಲ್ ಮೆಟೀರಿಯಲಿಸಂ) ಎಂಬ ಪದ ಮಾರ್ಕ್ಸ್ ಬಳಸಿದ್ದಲ್ಲ. ಅದು ಅವರ ಅನುಯಾಯಿಗಳಾದ ಡೀಟ್ಸ್‌ಗೆನ್, ಪ್ಲೆಖಾನೊವ್‌ರಿಂದ ಬಂತು. 1938ರಲ್ಲಿ ಸ್ಟಾಲಿನ್ ಹೆಸರಿನ ಕಿರುಹೊತ್ತಗೆ ಮೊದಲು ನಿಸರ್ಗದ ತತ್ವ, ಆಮೇಲೆ ಅದನ್ನು ಸಮಾಜಕ್ಕೆ ವಿಸ್ತರಿಸುವುದು ಎಂಬ ಕ್ರಮ ಹಾಕಿಕೊಟ್ಟಿತು. ಅಧ್ಯಯನ ಶಿಬಿರಗಳು ಅದನ್ನೇ ಬಾಯಿಪಾಠ ಮಾಡಿದವು. ಮಾರ್ಕ್ಸ್ ಬಂದ ದಾರಿ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು.

ಓದಿಸುವುದಕ್ಕೆ ನಿಮ್ಮ ಮುಂದೆ ಮೂರು ದಾರಿ ಇವೆ. ಎಂಗೆಲ್ಸ್‌ರ ಮೂರು ಅಧ್ಯಾಯದ ಕಿರುಹೊತ್ತಗೆಯೊಂದನ್ನೇ ಹಿಡಿದು ಹೋಗಬಹುದು. ಭಾಷೆ ತಿಳಿಯಾಗಿದೆ, ಹೊಸಬರಿಗೂ ಹಿಡಿಯುತ್ತದೆ. ಅಪಾಯವೆಂದರೆ, ಓವನ್, ಫೂರಿಯೇ, ಸೇಂಟ್ ಸಿಮೋನ್ ಬಗ್ಗೆ ಎಂಗೆಲ್ಸ್ ಎಷ್ಟೇ ಗೌರವದಿಂದ ಬರೆದರೂ ‘ಕಾಲ್ಪನಿಕ’ ಎಂಬ ಹಣೆಪಟ್ಟಿ ಅವರನ್ನು ಎಳೆಯರನ್ನಾಗಿ ಮಾಡಿಬಿಡುತ್ತದೆ. ಘಟನೆಗಳಿಂದ ಶುರುಮಾಡುವುದು ಇನ್ನೊಂದು ದಾರಿ: ಬಬೂಫ್‌ನ ಸಂಚು, ಮತದಾನದ ಹಕ್ಕಿಗಾಗಿ ಹೋರಾಡಿದ ಇಂಗ್ಲೆಂಡಿನ ಚಾರ್ಟಿಸ್ಟ್ ಕೆಲಸಗಾರರು, 1844ರ ಸಿಲೀಸಿಯಾ ನೇಕಾರರ ದಂಗೆ. ಸಮಾಜವಾದವನ್ನು ತತ್ವಜ್ಞಾನಿಗಳಷ್ಟೇ ಹುಟ್ಟಿಸಲಿಲ್ಲ ಎಂಬುದು ಇದರಿಂದ ಚೆನ್ನಾಗಿ ಮನದಟ್ಟಾಗುತ್ತದೆ, ಆದರೆ ಭೌತವಾದದ ಪ್ರಶ್ನೆ ಕೈತಪ್ಪುತ್ತದೆ. ಚಿಕ್ಕ ಚಿಕ್ಕ ಮೂಲ ಪಠ್ಯ ಓದಿಸುವುದು ಮೂರನೆಯದು, ನನ್ನ ಒಲವು ಇದಕ್ಕೇ.

ಮೊದಲ ಭಾನುವಾರ ಓವನ್‌ನ ಮೊದಲ ಪ್ರಬಂಧ ಮತ್ತು ಮೌನ ನಿಗಾಗಾರ. ಎರಡನೆಯದು, ಹಿಂದಕ್ಕೆ ಹೋಗಿ, ‘ಪವಿತ್ರ ಕುಟುಂಬ’ದಲ್ಲಿ ಫ್ರೆಂಚ್ ಭೌತವಾದದ ಭಾಗ ಮಾತ್ರ, ಪೂರ್ತಿ ಪುಸ್ತಕಕ್ಕೆ ಕೈಹಾಕಿದರೆ ಗುರುತಿಲ್ಲದ ಜರ್ಮನ್ ಲೇಖಕರ ಜಗಳದಲ್ಲಿ ಸಿಕ್ಕಿಕೊಳ್ಳುತ್ತೀರಿ. ಮೂರನೆಯದು ಹನ್ನೊಂದು ಟಿಪ್ಪಣಿಗಳು. ಒಟ್ಟು ಮೂರು ಪುಟವೂ ಆಗಲಿಕ್ಕಿಲ್ಲ, ಎರಡು ಗಂಟೆ ಬೇಕೇ ಬೇಕು. ಎಲ್ಲರೂ ಜಗತ್ತನ್ನು ಬದಲಿಸಬೇಕು ಎನ್ನುವ ಹನ್ನೊಂದನೆಯದಕ್ಕೆ ಹಾರುತ್ತಾರೆ, ತಡೆಯಿರಿ. ಒಂದು ಮತ್ತು ಮೂರರಲ್ಲಿ ನಿಲ್ಲಿಸಿ. ನಾಲ್ಕನೆಯದು 1859ರ ಮುನ್ನುಡಿ, ಅದರ ಜೊತೆಗೆ ಎಂಗೆಲ್ಸ್ 1890ರ ಸೆಪ್ಟೆಂಬರಿನಲ್ಲಿ ಯೋಸೆಫ್ ಬ್ಲಾಖ್‌ಗೆ ಬರೆದ ಪತ್ರ. ಮುನ್ನುಡಿ ಒಂದನ್ನೇ ಓದಿದರೆ ಆರ್ಥಿಕ ತಳಹದಿಯೇ ಎಲ್ಲವನ್ನೂ ನಿರ್ಧರಿಸುತ್ತದೆ, ನಾವು ಮಾಡುವುದೇನೂ ಇಲ್ಲ ಎಂಬ ಹಣೆಬರಹದ ಸಿದ್ಧಾಂತ ಮೂಡುತ್ತದೆ. ಹಾಗೆ ಅರ್ಥ ಮಾಡುವುದು ಪೊಳ್ಳು ಮಾತು, ಈ ಅತಿಗೆ ನಾನೂ ಮಾರ್ಕ್ಸೂ ಭಾಗಶಃ ಹೊಣೆ ಎಂದು ಎಂಗೆಲ್ಸ್ ಆ ಪತ್ರದಲ್ಲಿ ಹೇಳುತ್ತಾರೆ.

ಮೊದಲ ದಿನವೇ ನಿಮ್ಮ ಹಿರಿಯರಿಗೂ ಒಂದು ಕೆಲಸ ಕೊಡಿ. ಓವನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಕೊಂಡ ನ್ಯೂ ಹಾರ್ಮನಿ ಎಂಬ ಊರನ್ನು ಕಟ್ಟಿದವರು ಜಾರ್ಜ್ ರಾಪ್ ಎಂಬ ಜರ್ಮನ್ ಧಾರ್ಮಿಕ ಗುರುವಿನ ಅನುಯಾಯಿಗಳು. ಅವರದೂ ಆಸ್ತಿ ಎಲ್ಲರಿಗೂ ಸೇರಿದ ಬದುಕೇ. ಅದೇ ಹೊಲ, ಅದೇ ಮನೆಗಳಲ್ಲಿ ಅವರು ಹತ್ತು ವರ್ಷ ಏಳಿಗೆಯಿಂದ ಬಾಳಿದರು. ಓವನ್‌ನ ಸಮುದಾಯ 1827ಕ್ಕೆ ಒಡೆಯಿತು. ರಾಪ್‌ನ ಹಿಂಬಾಲಕರು ವರ್ಷಗಟ್ಟಲೆ ಒಟ್ಟಿಗೆ ಬಾಳಿ, ಒಂದೇ ಗುರುವಿನ ಮಾತಿಗೆ ತಲೆಬಾಗಿದ್ದವರು. ಓವನ್‌ನ ಕರೆಗೆ ಬಂದವರು ಒಬ್ಬರನ್ನೊಬ್ಬರು ಅರಿಯದ, ಕಸುಬೂ ಹೊಂದಿಕೆಯಾಗದ ಜನ, ಮೇಲಾಗಿ ಓವನ್ ಅಲ್ಲಿ ಹೆಚ್ಚು ಕಾಲ ಇರಲೇ ಇಲ್ಲ. ಈ ಎರಡು ಪ್ರಯೋಗಗಳನ್ನು ಹೋಲಿಸಿ ಹದಿನೈದು ನಿಮಿಷ ಮಾತಾಡಲು ಅವರನ್ನೇ ಕೇಳಿಕೊಳ್ಳಿ. ನಂಬಿಕೆಯಿಂದ ಒಗ್ಗಟ್ಟು ಬಂತೇ, ಗುರುವಿನ ಭಯದಿಂದ ಬಂತೇ ಎಂದು ಉಳಿದವರು ಕೇಳದೆ ಬಿಡುವುದಿಲ್ಲ. ಹಿರಿಯರು ಎತ್ತಿದ ಪ್ರಶ್ನೆಗೆ ಅವರೇ ದಾಖಲೆ ಹಿಡಿದು ಉತ್ತರ ಹುಡುಕಲಿ.